ಬಳೆ ತೊಡಿಸುವ ಕೈ ಬಿರಿದಾಗ

ಬೇರೆಯವರ ಕೈ ಹಿಡಿಯುವುದೇ ನನ್ನ ಕಸುಬು. ಮಧುಗಿರಿ ಬಸ್ ಸ್ಟ್ಯಾಂಡಿನಿಂದ ಬೆಟ್ಟದ ಕಡೆ ಹೋಗುವ ಬೀದಿಯಲ್ಲಿ ನಮ್ಮದೊಂದು ಬಳೆ ಅಂಗಡಿ. ಮುಂದೆ ಬಳೆ, ಹಿಂದಿನ ಶೆಲ್ಫಿನಲ್ಲಿ ಸ್ನೋ, ಪೌಡರು, ಕ್ರೀಮು, ಹಣೆಗಿಡುವ ಸ್ಟಿಕ್ಕರು, ಹೇರ್‌ಪಿನ್ನು. ನಮ್ಮತ್ತೆ ಪುಟ್ಟಮ್ಮ ನಡೆಸಿಕೊಂಡು ಬಂದ ಅಂಗಡಿ. ನಾನು ಬಿ.ಎ. ಮುಗಿಸಿ ಮದುವೆಯಾಗಿ ಬಂದಾಗ ಅತ್ತೆ ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬೆರಳು ಉದ್ದಕವೆ, ಬಳೆ ಇಕ್ಕೋಕೆ ಆಯ್ತವೆ ಬುಡು" ಅಂದಿದ್ದರು. ಆ ಮನೆಯಲ್ಲಿ ನನ್ನ ಡಿಗ್ರಿಗೆ ಸಿಕ್ಕ ಮರ್ಯಾದೆ ಅಷ್ಟೇ.

ಬಳೆ ತೊಡಿಸುವುದು ನೋಡುವವರಿಗೆ ಸುಲಭ. ಕೈ ಹಿಡಿದ ಕೂಡಲೇ ಅಳತೆ ಎರಡು ನಾಲ್ಕೋ ಎರಡು ಆರೋ ಗೊತ್ತಾಗಬೇಕು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, "ಮಗಳು ಯಾವ ಕ್ಲಾಸಮ್ಮ ಈಗ?" ಎಂದು ಮಾತಿಗೆಳೆದು, ಅವರು ಉತ್ತರ ಹೇಳುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರಬೇಕು. ಬಿಗಿ ಕೈಗಳಿಗೆ ನೊರೆ ಬೇಕು. ಗಲ್ಲಾ ಪಕ್ಕದಲ್ಲಿ ಅತ್ತೆಯ ಕಾಲದ ಹಿತ್ತಾಳೆ ಬಟ್ಟಲಿದೆ. ಬೆಳಿಗ್ಗೆ ದೀಪ ಹಚ್ಚಿ ಅದರಲ್ಲಿ ನೊರೆ ಕಲಸಿಟ್ಟರೆ ನಮ್ಮ ಅಂಗಡಿ ಬಾಗಿಲು ತೆರೆದ ಹಾಗೆ. ತೊಡಿಸಿದ ಮೇಲೆ ಕೊಸರಿಗೆ ಒಂದು ಬಳೆ ಹೆಚ್ಚು ಕೊಡುತ್ತೇನೆ. ತೊಟ್ಟವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನಮ್ಮ ಕಡೆ ಬಳೆ ಇಟ್ಟ ಕೈಗೆ ಹಾಗೆ ಮಾಡುವುದು ಪದ್ಧತಿ. ಕಾಲೇಜು ಹುಡುಗಿಯರು ಫೋನಿನಲ್ಲಿ ದುಡ್ಡು ಹಾಕಿ ಓಡಿಬಿಡುತ್ತಾರೆ; ಹಳ್ಳಿಗಳಿಂದ ಬರುವವರು ಇನ್ನೂ ಬಿಟ್ಟಿಲ್ಲ.

ಆ ಕೈಗೇ ಇಸುಬು ಬಂತು.

ಮೊದಲು ಬೆರಳ ಸಂದಿಯಲ್ಲಿ ಬಿಳಿ ಪುಡಿಯಂತೆ ಉದುರಿತು. ಚಳಿಗೆ ಒಡೆದಿದೆ ಅಂದುಕೊಂಡೆ. ಆಮೇಲೆ ಕೆಂಪಾಯಿತು, ಸಣ್ಣ ಸಣ್ಣ ನೀರ್ಗುಳ್ಳೆ ಎದ್ದಿತು, ಗೆಣ್ಣುಗಳ ಮೇಲೆ ಚರ್ಮ ಬಿರಿಯಿತು. ಕೆರೆತ ಅಂದರೆ ಎಂಥ ಕೆರೆತ! ಗೋಡೆಗೆ ಉಜ್ಜಿದ್ದೇನೆ, ಬಾಚಣಿಗೆಯಲ್ಲಿ ಗೀರಿದ್ದೇನೆ, ಬಾಗಿಲ ಸಂದಿಗೆ ಬೆರಳು ತೂರಿಸಿ ತಿಕ್ಕಿದ್ದೇನೆ. ಆ ಗಳಿಗೆಗೆ ಸ್ವರ್ಗ, ಮರುಗಳಿಗೆಗೆ ಖಾರ ಸವರಿದ ಉರಿ. ಊಟಕ್ಕೆ ಕೂತರೆ ಸಾರು ಬಿರುಕಿಗಿಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೆ ಒಂದು ದಿನ ಮುದ್ದೆಗೆ ಸ್ಪೂನು ಹಾಕಿದೆ. ನಮ್ಮ ಯಜಮಾನರು ನಾಗರಾಜು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು.

"ಮುದ್ದೆಗೆ ಸ್ಪೂನಾ? ಯಾರಾದ್ರೂ ನೋಡುದ್ರೆ ನಮ್ಮನ್ನ ತಾಲ್ಲೂಕು ಬುಡುಸ್ತಾರೆ ಕಣೇ" ಅಂದರು. ನಕ್ಕೆ. ನಗುತ್ತಲೇ ಅತ್ತುಬಿಟ್ಟೆ. ಅವರು ತುತ್ತು ತಟ್ಟೆಗಿಟ್ಟು ಎದ್ದು ಹೋಗಿ, ತಮಗೂ ಒಂದು ಸ್ಪೂನು ತಂದುಕೊಂಡು ಕೂತರು. ಮುದ್ದೆ ಸ್ಪೂನಿಗೆ ಅಂಟಿಕೊಂಡು ಬಾಯಿಗೆ ಬರಲೇ ಒಲ್ಲದು. ಅದನ್ನು ಕಿತ್ತು ಕಿತ್ತು ತಿಂದರು.

ಇನ್ನು ಔಷಧ. ಕ್ರೀಮು ಮಾರುವ ಅಂಗಡಿಯವಳಿಗೆ ಕ್ರೀಮು ಹುಡುಕಿಕೊಂಡು ಹೋಗುವ ಕಷ್ಟ ಏನಿದೆ ಹೇಳಿ? ಹಿಂದೆ ತಿರುಗಿದರೆ ಶೆಲ್ಫು. ಗುಲಾಬಿಯದು ಹಚ್ಚಿದೆ, ಉರಿಯಿತು. ಕೇಸರಿಯದು ಹಚ್ಚಿದೆ, ಇನ್ನೂ ಉರಿಯಿತು. ಲೋಳೆಸರದ ಹಸಿರು ಜೆಲ್ಲು ಹಚ್ಚಿದಾಗ ತಣ್ಣಗಾಯಿತೆಂದು ಖುಷಿಪಟ್ಟೆ, ಅದು ಒಣಗುತ್ತಲೇ ಚರ್ಮವನ್ನು ಬಿಗಿದು ಹಿಡಿಯಿತು. ನೂರೆಂಟು ಗಿಡಮೂಲಿಕೆ ಎಂದು ಡಬ್ಬದ ಮೇಲೆ ಬರೆದದ್ದನ್ನು ಹಚ್ಚಿದ ದಿನ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತು. ವಾಸನೆ ಚೆನ್ನಾಗಿದ್ದಷ್ಟೂ ಕ್ರೀಮು ಒಳ್ಳೆಯದು ಎಂದು ನನ್ನ ನಂಬಿಕೆ. ಗಿರಾಕಿಗಳೂ ಮುಚ್ಚಳ ತೆಗೆದು ಮೂಸಿ ನೋಡಿಯೇ ಕೊಳ್ಳುವುದು. ಹಾಗಾಗಿ ಒಂದು ಉರಿದರೆ ಅದಕ್ಕಿಂತ ಘಮಘಮ ಅನ್ನುವುದನ್ನು ಹಚ್ಚುತ್ತಿದ್ದೆ. ಯಜಮಾನರು, "ಅಂಗಡಿ ಶೆಲ್ಫೆಲ್ಲ ನಿನ್ ಕೈಗೇ ಸುರ್ಕೊಂಡ್ಬುಟ್ಯಲ್ಲೇ" ಎಂದು ರೇಗಿಸಿದರು. ರೇಗಿಸುವಾಗ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

ಆ ಮಾಘದಲ್ಲೇ ರೂಪಳ ಮದುವೆ. ರೂಪ ಪುರವರದ ಹುಡುಗಿ. ಅವಳು ಅಂಬೆಗಾಲು ಬಿಟ್ಟು ನಡೆಯಲು ಕಲಿತಾಗಿನಿಂದ ಪ್ರತಿ ಗೌರಿ ಹಬ್ಬಕ್ಕೂ ಅವರಮ್ಮ ಅವಳನ್ನು ನಮ್ಮ ಅಂಗಡಿಗೇ ಕರೆತರುತ್ತಿದ್ದರು. ಬಳೆ ಇಡುವಾಗ ಅವಳು ಕಣ್ಣು ಮುಚ್ಚಿಕೊಂಡು ಉಸಿರು ಬಿಗಿಹಿಡಿಯುತ್ತಿದ್ದಳು. ದೊಡ್ಡವಳಾದ ಮೇಲೂ ಅದೇ ಅಭ್ಯಾಸ. ಅವಳನ್ನು ಕಳ್ಳಂಬೆಳ್ಳಕ್ಕೆ ಕೊಟ್ಟಿದ್ದರು. ಮದುವೆ ಬಳೆ ಆರಿಸಲು ಅವಳ ಅತ್ತೆಯಾಗುವವರು, ಗೌರಮ್ಮನವರು, ತಾವೇ ರೂಪಳನ್ನು ಕರೆದುಕೊಂಡು ಬಂದರು. ಗಟ್ಟಿ ಹೆಂಗಸು, ಮಾತು ಕಡಿಮೆ, ನೋಟ ಜಾಸ್ತಿ. ಒಂದು ಡಜನ್ ತಮಗೂ ಇಡಲು ಹೇಳಿ ಕೈ ಚಾಚಿದರು. ನಾನು ಹಿಡಿದೆ. ಅವರ ನೋಟ ನನ್ನ ಗೆಣ್ಣಿನ ಮೇಲೆ ನಿಂತಿತು.

"ಇದೇನಮ್ಮ ಇದು?"

"ಚಳಿಗೆ ಒಡ್ದದೆ ಅಷ್ಟೇ."

ಅವರು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು. "ನಾನು ಮನೇಲಿ ಇಕ್ಕೊತೀನಿ ಬುಡಿ" ಅಂದರು. ಸೆರಗು ಎಳೆದುಕೊಂಡು, ನಾನು ಹಿಡಿದಿದ್ದ ಕೈಯನ್ನು ಬೆರಳು ಬೆರಳೂ ಒರೆಸಿಕೊಂಡರು. ಜೋರು ಮಾಡಲಿಲ್ಲ, ಬೈಯಲಿಲ್ಲ. ರೂಪ ತಲೆ ತಗ್ಗಿಸಿ ನಿಂತಿದ್ದಳು. ನಾನು ಬಳೆ ಕಟ್ಟಿಕೊಟ್ಟೆ. ಅವರು ಹೋದ ಮೇಲೆ ಅಂಗಡಿಯ ಹಿಂದೆ ಹೋಗಿ ನಿಂತುಕೊಂಡೆ. ಆ ಒರೆಸಿಕೊಂಡ ಬೆರಳುಗಳು ಎಷ್ಟೋ ತಿಂಗಳು ನನ್ನ ಕಣ್ಣ ಮುಂದೆಯೇ ಇದ್ದವು.

ಮಾತು ಹಬ್ಬಲು ಎಷ್ಟು ಹೊತ್ತು? ಗಿರಾಕಿಗಳು ಕಡಿಮೆಯಾದರು. "ಅಂಟ್ತದೇನಮ್ಮಾ?" ಎಂದು ಕೆಲವರು ನೇರ ಕೇಳಿದರು, ಅವರೇ ವಾಸಿ. "ದೊಡ್ ರೋಗ ಇರ್ಬೋದಾ" ಎಂದು ಪಕ್ಕದ ಅಂಗಡಿಯಲ್ಲಿ ಪಿಸುಗುಟ್ಟಿದವರೂ ಇದ್ದರು. ಆ ಎರಡು ಪದ ನನ್ನ ಕಿವಿಗೂ ಬಿತ್ತು. ದೊಡ್ಡ ರೋಗ ಅಂದರೆ ಕುಷ್ಠ. ಅವತ್ತು ಸಂಜೆ ಸೂಜಿ ತಗೊಂಡು ಬೆರಳ ತುದಿಗಳಿಗೆಲ್ಲ ಚುಚ್ಚಿಕೊಂಡು ನೋಡಿದೆ, ನೋವಾಗುತ್ತದೋ ಇಲ್ಲವೋ ಅಂತ. ಎಲ್ಲ ಬೆರಳೂ ನೋಯುತ್ತಿದ್ದವು. ನೋವಾಗಿದ್ದಕ್ಕೆ ದೇವರಿಗೆ ಕೈ ಮುಗಿದದ್ದು ಅದೇ ಮೊದಲು.

ಶಿರಾಕ್ಕೆ ವಾರಕ್ಕೊಮ್ಮೆ ಚರ್ಮದ ಡಾಕ್ಟರು ಬರುತ್ತಾರೆಂದು ಗೊತ್ತಾಗಿ ಹೋದೆವು. ಚರ್ಮದ ಡಾಕ್ಟರ ಹತ್ತಿರ ಕಾಯುವ ಜಾಗ ಬೇರೆ ಆಸ್ಪತ್ರೆಗಳಂತಲ್ಲ. ಅಲ್ಲಿ ಯಾರೂ ಕೆಮ್ಮುವುದಿಲ್ಲ, ನರಳುವುದಿಲ್ಲ. ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ. ನಡುವೆ ಒಂದೊಂದು ಕುರ್ಚಿ ಖಾಲಿ. ಟವೆಲ್ಲಿನಲ್ಲಿ ಕೈ ಸುತ್ತಿಕೊಂಡವರು, ತುಂಬು ತೋಳಿನ ಅಂಗಿಯವರು, ಸೆರಗು ಕಿವಿಯವರೆಗೂ ಎಳೆದುಕೊಂಡವರು. ಎಲ್ಲರೂ ತಮ್ಮದನ್ನು ಮುಚ್ಚಿಕೊಂಡು ಪಕ್ಕದವರದನ್ನು ಕದ್ದು ನೋಡುತ್ತಿರುತ್ತಾರೆ. ನಾನೂ ನೋಡಿದೆ. ನನಗಿಂತ ಹೆಚ್ಚಾದವರು ಕಂಡರೆ ಸಮಾಧಾನ, ಕಡಿಮೆಯವರು ಕಂಡರೆ ಹೊಟ್ಟೆಕಿಚ್ಚು. ಮನುಷ್ಯರ ಬುದ್ಧಿ ಎಷ್ಟು ಸಣ್ಣದಾಗುತ್ತದೆ ನೋಡಿ.

ನನ್ನ ಪಕ್ಕದ ಖಾಲಿ ಕುರ್ಚಿಗೆ ಒಬ್ಬರು ವಯಸ್ಸಾದ ಸಾಹೇಬರು ಬಂದು ಧಾರಾಳವಾಗಿ ಕೂತರು. ಶಿರಾದವರೇ. ಪೈಜಾಮ ಮೊಣಕಾಲಿಗೆ ಎತ್ತಿ ತಮ್ಮ ಕಾಲು ತೋರಿಸಿದರು. ಚರ್ಮ ಪೊರೆ ಪೊರೆಯಾಗಿ ಎದ್ದಿತ್ತು.

"ಕೈ ಯಾಕೆ ಮುಚ್ಕೊಂಡಿದೀಯ ಬೇಟಿ? ಇಲ್ಲಿ ಎಲ್ಲಾರ್ದೂ ಅದೇ ಖುಜ್ಲಿ, ಅದೇ ಕೆರೆತ. ನಂದು ನೋಡು, ಎಷ್ಟು ವರ್ಸದ್ದು. ಪರೇಶಾನ್ ಆಗ್ಬ್ಯಾಡ."

"ಹೋಗಲ್ವಾ ಇದು?" ಅಂದೆ.

"ಬರ್ತೈತೆ, ಹೋಗ್ತೈತೆ. ನಮ್ಮ ಮನೆಗೆ ಬರೋ ಬೀಗರು ಇದ್ದಂಗೆ." ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ನಾನು ಬೇಡ ಅನ್ನುವ ಮೊದಲೇ ಸೆರಗಿನೊಳಗಿಂದ ನನ್ನ ಕೈ ಈಚೆಗೆ ಎಳೆದು, ಅಂಗೈಯಲ್ಲಿ ಎರಡು ಬಿಸ್ಕತ್ತಿಟ್ಟು ಬೆರಳುಗಳನ್ನು ಮಡಚಿದರು. ಅಷ್ಟು ದಿನದಲ್ಲಿ ಮನೆಯವರಲ್ಲದ ಒಬ್ಬರು ತಾವಾಗಿ ನನ್ನ ಕೈ ಮುಟ್ಟಿದ್ದು ಅದೇ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗ್ಲೌಸು ಹಾಕದೆ ನನ್ನ ಕೈ ಹಿಡಿದು ನೋಡಿದರು. ಎಕ್ಸಿಮಾ ಅಂದರು. ಅಂಟುವುದಿಲ್ಲ, ಕುಷ್ಠ ಅಲ್ಲವೇ ಅಲ್ಲ, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಹಿಡಿತದಲ್ಲಿ ಇಡಬಹುದು ಅಂದರು. ಸ್ವಲ್ಪ ದಿನಕ್ಕೆ ಹಚ್ಚಲು ಒಂದು ಟ್ಯೂಬು, ಯಾವಾಗಲೂ ಹಚ್ಚಲು ಒಂದು ದೊಡ್ಡ ಡಬ್ಬ ಬರೆದುಕೊಟ್ಟರು. "ಸೋಪು ಮುಟ್ಟಬೇಡಿ. ಕೈ ತೊಳೆದು, ಒದ್ದೆ ಇರುವಾಗಲೇ ಇದನ್ನು ಹಚ್ಚಿ. ವಾಸನೆ ಇರುವ ಯಾವುದನ್ನೂ ಹಚ್ಚಬೇಡಿ."

ಮೆಡಿಕಲ್ ಶಾಪಿನಲ್ಲಿ ಡಬ್ಬದ ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ. ಬಿಳಿ ಜಿಡ್ಡು. ಕೇಸರಿ ಇಲ್ಲ, ಗುಲಾಬಿ ಇಲ್ಲ, ಡಬ್ಬದ ಮೇಲೆ ಒಂದು ಹೂವಿನ ಚಿತ್ರ ಕೂಡ ಇಲ್ಲ. "ಇಂಥದನ್ನ ನಮ್ಮಂಗಡೀಲಿ ಇಟ್ರೆ ನೊಣಾನೂ ಮೂಸಲ್ಲ" ಅಂದೆ. ಆದರೆ ಹಚ್ಚಿದಾಗ ಉರಿಯಲಿಲ್ಲ. ಅಷ್ಟು ತಿಂಗಳಲ್ಲಿ ಉರಿಯದ ಮೊದಲ ಪದಾರ್ಥ ಅದು.

ಮನೆಗೆ ಬಂದು ಸೋಪು ಮುಟ್ಟುವಂತಿಲ್ಲ ಎಂದು ಹೇಳಿದ ದಿನದಿಂದ ಯಜಮಾನರೇ ಪಾತ್ರೆ ತೊಳೆದರು, ಬಟ್ಟೆ ಒಗೆದರು. ಅತ್ತೆಗೆ ನೋಡಲಾಗಲಿಲ್ಲ. "ನನ್ ಮಗ ಪಾತ್ರೆ ಬೆಳಗೋದ ನೋಡೋಕೆ ಇಷ್ಟು ದಿನ ಬದುಕಿರ್ಬೇಕಿತ್ತಾ ನಾನು?" ಎಂದು ಗೊಣಗುತ್ತಲೇ ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಗೂಡಿಗೆ ಜೋಡಿಸುತ್ತಿದ್ದರು. ಬಾಯಿ ಜೋರು, ಕರುಳು ಮೆತ್ತಗೆ. ಟ್ಯೂಬಿದ್ದಷ್ಟು ದಿನ ಕೈ ಕೊಂಚ ಇಳಿಯಿತು, ಆಮೇಲೆ ಮತ್ತೆ ಬಿರಿಯಿತು. ಎರಡು ಹೊತ್ತು ಹಚ್ಚಿದೆ, ನಾಲ್ಕು ಹೊತ್ತು ಹಚ್ಚಿದೆ. ಡಬ್ಬ ಖಾಲಿಯಾಯಿತು, ಇಸುಬು ಕದಲಲಿಲ್ಲ. ಅತ್ತೆಗೆ ಅಷ್ಟೇ ಸಾಕಾಯಿತು. ಕೊರಟಗೆರೆ ಬಸ್ಸು ಹತ್ತಿ, ಗಿಡಮೂಲಿಕೆಗೆ ಹೆಸರಾದ ಸಿದ್ದರಬೆಟ್ಟಕ್ಕೆ ಹೋಗಿ, ಆ ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಿ, ಯಾವುದೋ ಸೊಪ್ಪು ತಂದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಬಾಟ್ಲಿ ತುಂಬಿದರು. "ಸಿದ್ದರ ಸೊಪ್ಪು ಕಣೇ. ನಿನ್ ಡಾಕ್ಟ್ರಮ್ಮನ ಸುಣ್ಣ ಅಲ್ಲ ಇದು."

ಆಷಾಢ ಬಂತು. ಮದುವೆ ಇಲ್ಲ, ಮುಂಜಿ ಇಲ್ಲ, ಬಳೆ ಕೇಳುವವರಿಲ್ಲ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಹೊಸ ಮದುವಣಗಿತ್ತಿಯ ಹಾಗೆ ಆಷಾಢಕ್ಕೆ ತವರಿಗೆ ಹೊರಟೆ, ಬ್ಯಾಗಿನಲ್ಲಿ ಸಿದ್ದರಬೆಟ್ಟದ ಬಾಟ್ಲಿ. ನನ್ನ ತವರು ಆಂಧ್ರದ ಗಡಿಯ ಪಾವಗಡ; ಅಮ್ಮನ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅಮ್ಮ ಬಾಗಿಲಲ್ಲೇ ಕೈ ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ ನಾ ತಲ್ಲಿ! ಏಮಾಯ್ನೇ ಈ ಚೇತುಲ್ಕಿ? ಏನಾಯ್ತೇ ಈ ಕೈಗೆ? ಇಂತಾ ಕೈಲಿ ಹೆಂಗೆ ಅನ್ನ ತಿಂದ್ಯೇ ಇಷ್ಟು ದಿನ?"

ಸ್ಪೂನಿನಲ್ಲಿ ಅಂದೆ. ಅಮ್ಮ ನಗಲಿಲ್ಲ. ಅವತ್ತಿನಿಂದ ತಾನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟಳು. ತಲೆಕೂದಲು ನೆರೆಯುತ್ತಿರುವ ಮಗಳಿಗೆ ತಾಯಿ ತುತ್ತಿಡುವುದನ್ನು ಪಕ್ಕದ ಮನೆಯವರು ಬಂದು ನೋಡಿಕೊಂಡು ಹೋದರು. "ತಿನು, ತಿನು, ಅವರನ್ನ ನೋಡ್ಬೇಡ" ಎನ್ನುತ್ತಿದ್ದಳು ಅಮ್ಮ. ಆ ತುತ್ತುಗಳಿಗಾಗಿ ನನಗೆ ಈ ಕಾಯಿಲೆಯ ಮೇಲೆ ಅರ್ಧ ಕೋಪ ಕಡಿಮೆಯಾಗಿದೆ.

ವಿಚಿತ್ರ ನೋಡಿ. ಪಾವಗಡದ ಆ ಒಣ ಗಾಳಿಯಲ್ಲಿ, ಆ ಸುಡುಬಿಸಿಲಿನಲ್ಲಿ ನನ್ನ ಕೈ ಮೆತ್ತಗಾಗುತ್ತಾ ಬಂತು. ಬಿರುಕು ಕೂಡಿತು, ಕೆಂಪು ಇಳಿಯಿತು. ಅತ್ತೆಗೆ ಫೋನು ಮಾಡಿ ಹೇಳಿದೆ. "ಅದ್ಕೇ ಹೇಳಿದ್ದು ನಾನು!" ಎಂದು ಅವರು ಕೂಗಿದ್ದು ಫೋನಿಲ್ಲದೆಯೂ ಕೇಳಿಸುತ್ತಿತ್ತೇನೋ. ಬೆಟ್ಟದ ಸಿದ್ದಪ್ಪನಿಗೆ ಕಾಯಿ ಒಡೆಸಿದರು. ನಾನು ಡಾಕ್ಟರ ಡಬ್ಬವನ್ನು ಮರೆತೇಬಿಟ್ಟೆ.

ಶ್ರಾವಣಕ್ಕೆ ವಾಪಸು ಬಂದೆ. ವರಮಹಾಲಕ್ಷ್ಮಿ, ಮುಂದೆ ಗೌರಿ ಹಬ್ಬ. ಬಳೆ ಅಂಗಡಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಕೈ ಚೆನ್ನಾಗಿದೆಯೆಂದು ನೋಡಿ ಗಿರಾಕಿಗಳೂ ಮರಳಿದರು. ಆ ವಾರ ಮುಗಿಯುವಷ್ಟರಲ್ಲಿ ಗೆಣ್ಣು ಮತ್ತೆ ಬಾಯಿಬಿಟ್ಟಿತು. ಈ ಸಲ ಇನ್ನೂ ಜೋರು. ಹಸಿರು ಬಳೆಯ ಮೇಲೆ ರಕ್ತದ ಹನಿ ಬಿತ್ತು. ಎಣ್ಣೆ ಅದೇ, ಕೈ ಅದೇ, ಹೀಗೇಕೆ? ಅತ್ತೆ ದೃಷ್ಟಿ ತೆಗೆದರು. ನಾನು ಬಾಟ್ಲಿಯನ್ನು ಹಿತ್ತಲಿಗೆ ಎಸೆದೆ.

ಆ ದಿನಗಳಲ್ಲೇ ರೂಪಳ ಫೋನು ಬಂತು. ಬಸುರಿ. ದೀಪಾವಳಿ ಕಳೆದ ಮೇಲೆ ಸೀಮಂತ. "ನನ್ ಕೈಗೆ ಹಸಿರು ಬಳೆ ನೀವೇ ಇಕ್ಬೇಕು ರತ್ನಾಂಟಿ. ಬೇರೆಯೋರ್ ಕೈಲಿ ಇಕ್ಸ್ಕೊಳಲ್ಲ ನಾನು."

"ನಿಮ್ಮತ್ತೆ ಒಪ್ತಾರೇನೇ?"

"ಶಿರಾದಿಂದ ಬಳೆಯೋರ್ನ ಕರುಸ್ತೀನಿ ಅಂತವ್ರೆ. ನಿಮ್ ಕೈ ವಾಸಿ ಆದ್ರೆ ಒಪ್ಬೋದು. ಅಷ್ಟೊತ್ಗೆ ಆಗುತ್ತಲ್ವಾ ಆಂಟಿ?"

ಆಗುತ್ತೆ ಬುಡು ಅಂದೆ. ಫೋನಿಟ್ಟು ಕೈ ನೋಡಿಕೊಂಡೆ. ಒಂದು ಸೀಮಂತ ಹೋದರೆ ಅಂಗಡಿ ಮುಳುಗುವುದಿಲ್ಲ. ಆದರೆ ಆ ಮಗು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಕೈ ಚಾಚುತ್ತಿದ್ದದ್ದು ನನ್ನ ಮುಂದೆ. ಆ ಕೈಗೆ ಬಸುರಿ ಬಳೆ ಇಡಲು ನನಗೆ ಯೋಗ್ಯತೆಯಿಲ್ಲ ಎಂದಾದರೆ ನಾನಿನ್ನು ಯಾವ ಬಳೆಗಾರ್ತಿ? ಹೇರ್‌ಪಿನ್ನು ಮಾರಿಕೊಂಡು ಇರುವುದೇ ಸರಿ.

ಕೋಪವೆಲ್ಲ ಕಟ್ಟಿಕೊಂಡು ಶಿರಾಕ್ಕೆ ಹೋದೆ. "ನಿಮ್ಮ ಡಬ್ಬ ದಂಡ ಡಾಕ್ಟ್ರೇ" ಅಂದೆ. "ಸೋಪು ಮುಟ್ಬೇಡ ಅಂದ್ರಿ, ಮುಟ್ಟಿಲ್ಲ. ಸ್ನಾನಕ್ಕೂ ಸೋಪಿಲ್ಲ. ನನ್ನ ಗಂಡ ಪಾತ್ರೆ ತೊಳೆದು ತೊಳೆದು ಅವರ ಕೈ ಒಡೆಯೋ ಹಾಗಾಗಿದೆ. ತವರಲ್ಲಿ ವಾಸಿಯಾಗಿತ್ತು, ಅಂಗಡಿಗೆ ಬಂದ್ರೆ ಮತ್ತೆ ಶುರು. ನಮ್ಮ ಅಂಗಡಿಗೆ ಯಾರಾದ್ರೂ ಏನಾದ್ರೂ ಮಾಡ್ಸಿದಾರಾ, ಅದನ್ನಾದ್ರೂ ಹೇಳಿ."

ಡಾಕ್ಟರಿಗೆ ಬೇಸರವಾಗಲಿಲ್ಲ. "ಅಂಗಡಿಯಲ್ಲಿ ನಿಮ್ಮ ಕೈ ಏನೇನು ಮಾಡುತ್ತೆ? ಬಾಯಲ್ಲಿ ಹೇಳಬೇಡಿ, ನನ್ನ ಕೈಗೆ ಬಳೆ ತೊಡಿಸೋ ಹಾಗೆ ಮಾಡಿ ತೋರಿಸಿ" ಎಂದು ತಮ್ಮ ಎಡಗೈ ಮೇಜಿನ ಮೇಲಿಟ್ಟರು.

ನಾನು ಆ ಕೈ ಹಿಡಿದೆ. ಎರಡು ನಾಲ್ಕು. ಹೆಬ್ಬೆರಳು ಮಡಚಿದೆ. ನನ್ನ ಬಲಗೈ ತಾನಾಗಿ ಪಕ್ಕಕ್ಕೆ ಹೋಗಿ, ಅಲ್ಲಿ ಇಲ್ಲದ ಬಟ್ಟಲಿನೊಳಗೆ ಬೆರಳದ್ದಿ, ಬಂದು ಅವರ ಗೆಣ್ಣುಗಳಿಗೆ ಸವರಿತು.

"ಅದೇನು?"

"ನೊರೆ ಡಾಕ್ಟ್ರೇ. ಬಳೆ ಜಾರೋಕೆ."

"ಯಾವುದರ ನೊರೆ?"

ಹೇಳಹೊರಟಾಗಲೇ ಹೊಳೆಯಿತು. ಬಟ್ಟೆ ಒಗೆಯುವ ಬಾರ್ ಸೋಪು! ಮೈ ಸೋಪಿಗಿಂತ ಅದು ಚೆನ್ನಾಗಿ ಜಾರುತ್ತದೆಂದು ಅತ್ತೆ ಕಲಿಸಿಕೊಟ್ಟಿದ್ದು. ಬೆಳಿಗ್ಗೆ ದೀಪ ಹಚ್ಚಿ, ಆ ಸೋಪು ಕೊರೆದು, ನೀರಲ್ಲಿ ಕಲಸಿ, ಸಂಜೆ ಬಾಗಿಲು ಹಾಕುವವರೆಗೆ ಅದರಲ್ಲೇ ಬೆರಳು. ತೊಳೆಯುವುದೂ ಇಲ್ಲ, ಸೆರಗಿಗೆ ಒರೆಸಿಕೊಂಡು ಮುಂದಿನ ಕೈ. ಮನೆಯಲ್ಲಿ ಒಂದು ಲೋಟ ತೊಳೆಯಲು ಗಂಡನನ್ನು ಕರೆದವಳು ನಾನು! ಬಟ್ಟಲಲ್ಲಿದ್ದದ್ದು ನನಗೆ ಎಂದೂ ಸೋಪು ಅನ್ನಿಸಿರಲೇ ಇಲ್ಲ. ಬಡಗಿಗೆ ಉಳಿಯಿದ್ದಂತೆ ಅದು ನನ್ನ ಕಸುಬಿನ ಸಾಮಾನು. ದೇವರ ದೀಪದ ಮುಂದೆ ಕಲಸಿಟ್ಟದ್ದು ಕಾಯಿಲೆ ತರುತ್ತದೆಂದು ಯಾರು ತಾನೆ ಎಣಿಸುತ್ತಾರೆ? ಡಾಕ್ಟರು ನಕ್ಕರು. ನನಗೆ ನಗು ಬರಲು ಮಧುಗಿರಿ ಬಸ್ಸು ಹತ್ತಬೇಕಾಯಿತು. ಬಂದ ಮೇಲೆ ನಿಲ್ಲಲಿಲ್ಲ. ಕಂಡಕ್ಟರು ತಿರುಗಿ ತಿರುಗಿ ನೋಡಿದ.

ಅತ್ತೆಗೆ ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಅಂಗಾರೆ ನನ್ನಿಂದ್ಲೇ ಬಂತು ಅಂತೀಯಾ?"

"ನಿಮ್ಮ ಕೈಗೆ ಆಗಲಿಲ್ವಲ್ಲ ಅತ್ತೆ. ನನ್ನ ಚರ್ಮವೇ ಅಂಥದ್ದಂತೆ, ಬೇಗ ಒಣಗೋದು. ನಿಮ್ಮ ತಪ್ಪೇನಿಲ್ಲ."

"ಸೋಪಿಲ್ದೆ ಹೆಂಗೆ ಇಕ್ತೀಯ ಮತ್ತೆ? ಗಿರಾಕಿ ಕೈ ಮುರೀತೀಯಾ?"

ಎಣ್ಣೆ ಹಾಕಿದರೆ ರೇಷ್ಮೆ ಸೀರೆಗೆ ಕಲೆ, ಮೇಲೆ ವಾಸನೆ. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿ ಬಳೆ ಏರಿಸುವವರಿದ್ದಾರೆ. ಅದು ನನಗೆ ಸೇರದು. ಯೋಚಿಸುತ್ತಾ ಕೂತಿದ್ದಾಗ ಶಿರಾದಿಂದ ಹೊಸದಾಗಿ ತಂದ ಡಾಕ್ಟರ ಡಬ್ಬ ಎದುರಿಗಿತ್ತು. ಹಚ್ಚಿಕೊಳ್ಳಲೆಂದು ತೆಗೆದೆ. ಜಿಡ್ಡು. ಜಾರುವ ಜಿಡ್ಡು. "ಅತ್ತೆ, ಕೈ ಕೊಡಿ ಇಲ್ಲಿ" ಅಂದೆ. ಅವರ ಗೆಣ್ಣುಗಳು ವಾತಕ್ಕೆ ಗಂಟು ಕಟ್ಟಿವೆ. ಆ ಕೈಗೆ ಬಳೆ ಏರಿಸಿದರೆ ಯಾರ ಕೈಗಾದರೂ ಏರಿಸಬಹುದು. ಚೂರು ಮುಲಾಮು ಸವರಿದೆ, ಒತ್ತಿದೆ, ಮಾತಿಗೆಳೆದೆ. ಅವರು ಮಗನ ಪಾತ್ರೆ ತೊಳೆಯುವ ವೈಖರಿಯನ್ನು ಬೈಯುತ್ತಿರುವಾಗಲೇ ಬಳೆ ಇಳಿದುಹೋಯಿತು.

ಅತ್ತೆ ಬಳೆ ನೋಡಿಕೊಂಡರು. ಎದ್ದು ಹಿತ್ತಾಳೆ ಬಟ್ಟಲು ತಗೊಂಡು ಹೋಗಿ, ಹುಣಿಸೆಹಣ್ಣು ಹಾಕಿ ತಿಕ್ಕಿ, ಫಳಫಳ ಮಾಡಿ ತಂದಿಟ್ಟರು. "ಇದ್ರಾಗೇ ಹಾಕು ನಿನ್ ಸುಣ್ಣಾನ." ಡಬ್ಬದಿಂದ ಬಟ್ಟಲಿಗೆ ತೋಡಿಕೊಳ್ಳಲು ಮುದ್ದೆ ತಿನ್ನುತ್ತಿದ್ದ ಸ್ಪೂನನ್ನೇ ಇಟ್ಟುಕೊಂಡೆ. ಅದಕ್ಕೆ ಬೇರೆ ಕೆಲಸವೂ ಇರಲಿಲ್ಲ.

ಕೈ ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಆದರೆ ಈಗ ಗಿರಾಕಿಯ ಕೈಗೆ ಸವರುವಾಗಲೆಲ್ಲ ನನ್ನ ಕೈಗೂ ಬೀಳುತ್ತಿತ್ತು. ಹಬ್ಬದ ಜನ ಹೆಚ್ಚಿದಷ್ಟೂ ಒಣಗುತ್ತಿದ್ದ ಚರ್ಮ ಈಗ ಜನ ಹೆಚ್ಚಿದಷ್ಟೂ ಮೆತ್ತಗಾಯಿತು. "ಇದ್ಯಾವ ಕ್ರೀಮಕ್ಕ, ವಾಸ್ನೇನೇ ಇಲ್ಲ, ಕೈ ಹಗುರಾಯ್ತು" ಎಂದು ಒಬ್ಬಿಬ್ಬರು ಕೇಳಿದರು. ದೀಪಾವಳಿಯ ಹೊತ್ತಿಗೆ ಬಿರುಕುಗಳೆಲ್ಲ ಕೂಡಿದ್ದವು. ಬಲಗೈಯ ಎರಡು ಗೆಣ್ಣುಗಳ ಮೇಲೆ ಮಾತ್ರ ಒರಟು ಕಂದು ಮಚ್ಚೆ ಉಳಿಯಿತು. ಇವತ್ತಿಗೂ ಇದೆ.

ಸೀಮಂತಕ್ಕೆ ಬಳೆಯವಳಾಗಿ ಕರೆ ಬರಲಿಲ್ಲ; ನೆಂಟರ ಲೆಕ್ಕದಲ್ಲಿ ಬಂತು. ಹೋಗಲೋ ಬೇಡವೋ ಎಂದು ಒದ್ದಾಡಿ, ಬಳೆ ಪೆಟ್ಟಿಗೆಯನ್ನೂ ಬಟ್ಟಲನ್ನೂ ಬ್ಯಾಗಿನ ತಳಕ್ಕೆ ಹಾಕಿಕೊಂಡು ಕಳ್ಳಂಬೆಳ್ಳಕ್ಕೆ ಹೋದೆ. ಗೌರಮ್ಮನವರು ಬಾಯ್ತುಂಬ "ಬನ್ನಿ" ಅಂದರು. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ನನಗೆ ಪೇಪರ್ ಕಪ್ಪಿನಲ್ಲಿ. ಕುಡಿದೆ. ಬಿಸಿಯಾಗಿತ್ತು.

ಶಿರಾದ ಬಳೆಯವರು ಬಂದಿರಲಿಲ್ಲ, ಏನೋ ಅಡಚಣೆಯಂತೆ. ಬಳೆ ಮಾತ್ರ ತರಿಸಿದ್ದರು. ಗಂಡಿನ ಕಡೆಯ ಚಿಕ್ಕಮ್ಮನೊಬ್ಬರು ತೊಡಿಸಲು ಕೂತರು. ರೂಪಳ ಕೈ ಬಸುರಿಗೆ ಊದಿಕೊಂಡಿತ್ತು. ಅವಳು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಿದ್ದಳು. ಚಿಕ್ಕಮ್ಮ ಒತ್ತಿದರು, ತಿರುಗಿಸಿದರು, ಮತ್ತೆ ಒತ್ತಿದರು. ಬಳೆ ಚಟ್ಟೆಂದು ಒಡೆಯಿತು. ಹೆಬ್ಬೆರಳ ಬುಡದಲ್ಲಿ ರಕ್ತ. ಹಸೆಮಣೆಯ ಮೇಲೆ ಹಸಿರು ಬಳೆ ಒಡೆದದ್ದಕ್ಕೆ ಹೆಂಗಸರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಅಂದರು. ರೂಪ ಅಳತೊಡಗಿದಳು.

"ರತ್ನಾಂಟಿ ಇಕ್ಲಿ ಅಂತ ಆವಾಗಿಂದ್ಲೂ ಬಡ್ಕೊತಾ ಇವ್ನಿ ನಾನು."

ಎಲ್ಲರೂ ಗೌರಮ್ಮನವರ ಮುಖ ನೋಡಿದರು. ನಾನು ಎದ್ದೆ. ಅವರ ಮುಂದೆ ಹೋಗಿ, ಬಾಗಿಲ ಬೆಳಕಿಗೆ ಎರಡೂ ಕೈ ಬಿಚ್ಚಿ ಹಿಡಿದೆ.

"ನೋಡಿ ಗೌರಮ್ನೋರೇ. ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲ. ಅಂಟೋದಲ್ಲ ಅಂತ ಡಾಕ್ಟ್ರು ಹೇಳವ್ರೆ. ನಂಬೋದು ಬುಡೋದು ನಿಮ್ಗೆ ಸೇರಿದ್ದು. ಬ್ಯಾಡ ಅಂದ್ರೆ ಊಟ ಮಾಡ್ಕೊಂಡು ಬಸ್ ಹತ್ತೀನಿ, ಬೇಜಾರಿಲ್ಲ."

ಬೇಜಾರಿಲ್ಲ ಅಂದದ್ದು ಸುಳ್ಳು.

ಅವರು ಬಗ್ಗಿ ಎರಡೂ ಕೈ ನೋಡಿದರು. "ಅವ್ಳ ಹೊಟ್ಟೇಲಿ ನನ್ ಮೊಮ್ಮಗ ಅದೆ ಕಣಮ್ಮ. ಭಯ ನಂಗಾಗ್ದೆ ಇನ್ಯಾರ್ಗೆ ಆಗ್ಬೇಕು?" ಅಂದರು. ದನಿಯಲ್ಲಿ ಗಡಸು ಇರಲಿಲ್ಲ. ಇಷ್ಟು ತಿಂಗಳು ಆ ಹೆಂಗಸಿನ ಮೇಲೆ ಕಾಪಾಡಿಕೊಂಡು ಬಂದಿದ್ದ ಸಿಟ್ಟು ಆ ಮಾತಿಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರು ಚಾಪೆಯ ಮೇಲೆ ನನ್ನೆದುರು ಕೂತು ಕೈ ಚಾಚಿದರು. "ಮೊದ್ಲು ನಂಗಿಕ್ಕು. ಏನಾರ ಆಗಂಗಿದ್ರೆ ನಂಗೇ ಆಗ್ಲಿ."

ಅಂಟುವ ರೋಗ ಕೂತಲ್ಲೇ ಗೊತ್ತಾಗುವುದಿಲ್ಲ ಎಂದು ನನ್ನ ಬಿ.ಎ. ತಲೆ ಹೇಳಿತು. ಬಾಯಿ ಮುಚ್ಚಿಕೊಂಡಿರು ಅಂದೆ ಅದಕ್ಕೆ. ಬ್ಯಾಗಿನಿಂದ ಪೆಟ್ಟಿಗೆ, ಬಟ್ಟಲು ತೆಗೆದಿಟ್ಟು ಕೂತು, ಅವರ ಕೈ ಹಿಡಿದೆ. ಹೊಲ, ಕೊಟ್ಟಿಗೆ, ಒಲೆ ಎಲ್ಲ ಕಂಡ ಕೈ. ಅಂಗೈಯಲ್ಲಿ ನನಗಿದ್ದ ಹಾಗೆಯೇ ಬಿರುಕು. ಬಟ್ಟಲಿನಿಂದ ಮುಲಾಮು ತೆಗೆದು ಸವರಿದೆ.

"ವಾಸ್ನೇನೇ ಇಲ್ವಲ್ಲ."

"ಅದೇ ಅದ್ರ ಗುಣ. ಹಸ ಎಷ್ಟು ಕಟ್ಟಿದೀರಿ ಈಗ?"

ಅವರು ಹಸುಗಳ ಹೆಸರು ಹೇಳತೊಡಗಿದರು. ಮೂರನೆಯ ಹೆಸರಿಗೆ ಬಳೆ ಮಣಿಕಟ್ಟಿನಲ್ಲಿತ್ತು.

ಆಮೇಲೆ ರೂಪ. ಊತ ಇಳಿಯಲೆಂದು ಅವಳ ಕೈಯನ್ನು ಕೊಂಚ ಹೊತ್ತು ಮೇಲೆತ್ತಿ ಹಿಡಿಸಿದೆ, ಗಾಯ ಬಿಟ್ಟು ಸುತ್ತ ಮುಲಾಮು ಹಚ್ಚಿದೆ. ಆತುರಪಡಲಿಲ್ಲ. ಎರಡೂ ಕೈ ತುಂಬ ಹಸಿರು ಬಳೆ ಏರಿತು, ಒಂದೂ ಒಡೆಯಲಿಲ್ಲ. ಅವಳು ಕಣ್ಣು ಬಿಟ್ಟು, ಬಿಗಿಹಿಡಿದಿದ್ದ ಉಸಿರು ಬಿಟ್ಟು, ನನ್ನ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ಕೊಸರಿನ ಬಳೆ ಕೊಟ್ಟೆ. ಇಷ್ಟು ಸಾಕು ಅನ್ನಿಸಿತು, ಪೆಟ್ಟಿಗೆ ಮುಚ್ಚತೊಡಗಿದೆ.

"ತಡಿ" ಅಂದರು ಗೌರಮ್ಮನವರು.

ಬಂದು ಬಗ್ಗಿ, ಮಚ್ಚೆಯಿರುವ ನನ್ನ ಬಲಗೈಯನ್ನೇ ಹಿಡಿದು, ಒಂದು ಕಣ್ಣಿಗೆ, ಮತ್ತೊಂದು ಕಣ್ಣಿಗೆ ಒತ್ತಿಕೊಂಡರು. ತಲೆ ಎತ್ತಿದಾಗ ಅವರ ಎರಡೂ ರೆಪ್ಪೆಗಳ ಮೇಲೆ ನನ್ನ ಮುಲಾಮಿನ ಜಿಡ್ಡು ಹೊಳೆಯುತ್ತಿತ್ತು. ಅವರ ಕೈ ಸೆರಗಿಗೆ ಹೋಯಿತು. ನಾನು ಅದನ್ನೇ ನೋಡುತ್ತಿದ್ದೆ. ಅವರು ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು, "ರತ್ನಮ್ಮಂಗೆ ಎಲೆ ಹಾಕ್ರೇ, ನಮ್ ಸಾಲ್ನಾಗೇ ಹಾಕ್ರಿ" ಎಂದು ಒಳಗೆ ಕೂಗುತ್ತಾ, ಆ ಜಿಡ್ಡನ್ನು ಒರೆಸಿಕೊಳ್ಳದೆ ಹೋದರು.